ಎಗ್ಮೋರಿನ ಬೆಂಚಿನ ಮೇಲೆ ಒಂದು ಹುಟ್ಟುಹಬ್ಬ

ಮದುವೆಯಾಗಿ ನಾನು ಮದ್ರಾಸಿಗೆ ಬಂದು ಏಳು ತಿಂಗಳಾಗಿತ್ತು. ಊರಿನ ಹೆಸರು ಚೆನ್ನೈ ಎಂದು ಬದಲಾಗಿದ್ದರೂ ಮಂಡ್ಯದ ನಮ್ಮ ಮನೆಯಲ್ಲಿ ಎಲ್ಲರೂ ಮದ್ರಾಸು ಎಂದೇ ಅನ್ನುತ್ತಿದ್ದರು. ನನ್ನ ಗಂಡ ಹುಟ್ಟಿ ಬೆಳೆದದ್ದು ತಿರುವಲ್ಲಿಕ್ಕೇಣಿಯಲ್ಲಿ. ಮುತ್ತಜ್ಜನ ಕಾಲಕ್ಕೇ ಅವರ ಮನೆತನ ಮೈಸೂರು ಸೀಮೆ ಬಿಟ್ಟು ಬಂದಿತ್ತು. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ಅರ್ಧಕ್ಕರ್ಧ ತಮಿಳು. ಹೆಣ್ಣು ನೋಡಲು ಬಂದಾಗ ಅವರು, "ನಿಮಗೆ ಪಾಟ್ಟು ಬರುತ್ತಾ?" ಎಂದು ಕೇಳಿದ್ದರು. ಹಾಡಿಗೆ ಅವರಲ್ಲಿ ಹಾಗನ್ನುತ್ತಾರೆ ಎಂದು ನನಗೇನು ಗೊತ್ತು? "ಎಲ್ಲಾ ಪಾಠನೂ ಬರುತ್ತೆ" ಎಂದುಬಿಟ್ಟೆ. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ.

ಅತ್ತೆ ಮಾವ ದೊಡ್ಡ ಮಗನ ಜೊತೆ ತಿರುಚಿಯಲ್ಲಿದ್ದರು. ವೆಸ್ಟ್ ಮಾಂಬಲಂನ ಒಂದು ಸಣ್ಣ ಓಣಿಯಲ್ಲಿ, ಎರಡನೇ ಮಹಡಿಯಲ್ಲಿ ನಾವಿಬ್ಬರೇ. ಅವರು ಎಂಟೂವರೆಗೆ ಆಫೀಸಿಗೆ ಹೊರಟರೆ ಮತ್ತೆ ಬರುವವರೆಗೆ ನಾನು ಬಾಯಿ ತೆರೆಯಬೇಕಾಗಿದ್ದು ತರಕಾರಿಯವನ ಹತ್ತಿರ ಮಾತ್ರ. ಅದೂ ಬೆರಳು ತೋರಿಸಿದರೆ ಮುಗಿಯುತ್ತಿತ್ತು.

ಆ ವರ್ಷ ನನಗೆ ಇಪ್ಪತ್ತೈದು ತುಂಬಿದ್ದು ಭಾನುವಾರದಂದು. ಹಿಂದಿನ ದಿನವೇ ಅವರು, "ನಾಳೆ ಫುಲ್ಲಾ ಸುತ್ತೋಣ. ನಿನಗೆ ಊರೆಲ್ಲಾ ತೋರಿಸ್ತೀನಿ" ಎಂದಿದ್ದರು. ನಾನು ತಲೆಗೆ ಎಣ್ಣೆನೀರು ಹಾಕಿಕೊಂಡು, ಅಮ್ಮ ಕೊಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟೆ. ಹೊರಡುವಾಗ ಓಣಿಯ ತುದಿಯ ಎಸ್‌ಟಿಡಿ ಬೂತು ಕಂಡು, "ರೀ, ಅಮ್ಮನಿಗೆ ಒಂದು ಫೋನ್ ಮಾಡಿಬಿಡ್ಲಾ?" ಎಂದೆ.

"ಸಾಯಂಕಾಲ ಬಂದು ನಿಧಾನಮಾ ಮಾತಾಡು. ಈಗ ಟ್ರೇನ್ ಹೋಗ್ಬಿಡುತ್ತೆ, ಸೀಕ್ರಂ ಬಾ."

ಮೊದಲು ಎಗ್ಮೋರಿನಲ್ಲಿ ಇಳಿದು ಮ್ಯೂಸಿಯಂಗೆ ಹೋದೆವು. ಅಲ್ಲಿ ತೂಗುಹಾಕಿದ್ದ ತಿಮಿಂಗಿಲದ ಎಲುಬುಗೂಡಿನ ಕೆಳಗೆ ನಿಂತು, ನಾಲ್ಕನೇ ಕ್ಲಾಸಿನಲ್ಲಿ ತಾವು ಇಲ್ಲೇ ನಿಂತು ಅತ್ತದ್ದನ್ನು ಅವರು ಹೇಳಿದರು. ಆಮೇಲೆ ಕ್ರಿಕೆಟ್ ಆಡುತ್ತಿದ್ದ ಮೈದಾನ, ಕಾಲೇಜಿನ ಗೇಟು, ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದ ತಿರುವು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಏಳು ತಿಂಗಳಲ್ಲಿ ಕಂಡಿರಲಿಲ್ಲ. ಹೇಳುತ್ತಾ ಹೇಳುತ್ತಾ ತಮಿಳಿಗೆ ಜಾರಿಬಿಡುತ್ತಿದ್ದರು. ಅವರು ನಕ್ಕಾಗ ನಾನೂ ನಗುತ್ತಿದ್ದೆ. ಬಾಳೆಲೆ ಊಟದ ಹೋಟೆಲಿನಲ್ಲಿ ಪಾಯಸ ಬಡಿಸುವವನಿಗೆ, "ಇವಳಿಗೆ ಇನ್ನೊಂದು ಕಪ್" ಎಂದು ಅವರೇ ಹೇಳಿದರು. ನನ್ನ ಹೊಟ್ಟೆ ತುಂಬಿತ್ತು. ಬೇಡವೆನ್ನಲು ಮನಸ್ಸಾಗದೆ ತಿಂದೆ.

ಸಮುದ್ರದ ದಂಡೆಯಲ್ಲಿ ಬಿಸಿಲಿಳಿಯುವವರೆಗೂ ಕೂತೆವು. ನಮ್ಮ ಮನೆಯ ಕಡೆ ಹೋಗಲು ಫೋರ್ಟ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು. ಭಾನುವಾರದ ಜನವೆಲ್ಲಾ ಪ್ಲಾಟ್‌ಫಾರ್ಮಿನಲ್ಲಿತ್ತು. ಅಲ್ಲಿ ಅವರಿಗೆ ಕಾಲೇಜಿನ ಗೆಳೆಯರೊಬ್ಬರು ಸಿಕ್ಕರು. ಹತ್ತು ವರ್ಷದ ಮೇಲೆ ಕಂಡವರಂತೆ. ಒಬ್ಬರ ಬೆನ್ನು ಒಬ್ಬರು ತಟ್ಟುತ್ತಾ ಗಟ್ಟಿಯಾಗಿ ಮಾತಾಡತೊಡಗಿದರು. ಗೆಳೆಯರು ನನ್ನ ಕಡೆ ತಿರುಗಿ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ. ನಮ್ಮವರೇ ನನ್ನ ಪರವಾಗಿ ಉತ್ತರ ಹೇಳಿದರು.

ಗಾಡಿ ಬಂತು. ನಾನು ಲೇಡೀಸ್ ಡಬ್ಬಿಯ ಎದುರಿಗೇ ಇದ್ದೆ. ಹಿಂದಿನಿಂದ ಹೆಂಗಸರು ನೂಕಿದ ರಭಸಕ್ಕೆ ಒಳಗೆ ಸೇರಿಹೋದೆ. ಪಕ್ಕದ ಡಬ್ಬಿಗೆ ಅವರು ಹತ್ತಿರುತ್ತಾರೆ ಎಂದುಕೊಂಡು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದರೆ, ಅವರು ಅಲ್ಲೇ ನಿಂತಿದ್ದಾರೆ, ಬೆನ್ನು ನನ್ನ ಕಡೆ. ನಗುತ್ತಿದ್ದುದರಿಂದ ಭುಜ ಕುಣಿಯುತ್ತಿತ್ತು. "ರೀ! ರೀ!" ಎಂದು ಕೂಗಿದೆ. ಗಾಡಿ ಹೊರಟೇಬಿಟ್ಟಿತು.

ಆಗ ನಮ್ಮಂಥವರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಇಬ್ಬರ ಟಿಕೆಟ್ಟೂ ಅವರ ಜೇಬಿನಲ್ಲಿ, ಮನೆಯ ಬೀಗದ ಕೈಯೂ ಅಲ್ಲೇ. ನನ್ನ ಪರ್ಸಿನಲ್ಲಿ ಕರ್ಚೀಫು, ಬಾಚಣಿಗೆ ಅಷ್ಟೇ. ಎಗ್ಮೋರ್ ಬಂದಾಗ ಇಳಿದುಬಿಟ್ಟೆ. ಬೆಳಿಗ್ಗೆ ಇಳಿದಿದ್ದೆನಲ್ಲ, ನಮ್ಮ ಮಾಂಬಲಂ ಬಿಟ್ಟರೆ ನನಗೆ ಗುರುತಿದ್ದ ಸ್ಟೇಷನ್ ಅದೊಂದೇ. ಅವರು ಮುಂದಿನ ಗಾಡಿಯಲ್ಲಿ ಬಂದು ಬಾಗಿಲಲ್ಲಿ ನಿಂತು ಹುಡುಕುತ್ತಾರೆ ಎಂದು ಲೆಕ್ಕ ಹಾಕಿದೆ. ಟಿಕೆಟ್ ಕೇಳುವವರು ಬಂದಾರೆಂದು ಹೆದರಿ ಕಂಬದ ಮರೆಯ ಬೆಂಚಿನಲ್ಲಿ ಕೂತೆ.

ಒಂದು ಗಾಡಿ ಬಂತು, ಹೋಯಿತು. ಎರಡನೆಯದು, ಮೂರನೆಯದು. ಪ್ರತಿ ಸಲವೂ ಎದ್ದು ನಿಂತು ಅಷ್ಟೂ ಮುಖಗಳನ್ನು ನೋಡುತ್ತಿದ್ದೆ. ಐದನೆಯ ಗಾಡಿಗೆ ಏಳಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯಬಲ್ಲವರು ಒಬ್ಬರೇ, ಅವರೂ ಈಗ ಎಲ್ಲಿದ್ದಾರೋ ತಿಳಿಯದು ಅನ್ನಿಸಿತು. ಅಳು ಬರಲಿಲ್ಲ. ಬೆಳಗಿನಿಂದಲೂ ಹೀಗೇ ಕೂತಿದ್ದೆನಲ್ಲವೇ, ಪಕ್ಕದಲ್ಲಿ ಅವರಿದ್ದರು ಅನ್ನುವುದೊಂದೇ ವ್ಯತ್ಯಾಸ ಎಂದು ಹೊಳೆದಾಗ ಮಾತ್ರ ಪರ್ಸಿನಿಂದ ಕರ್ಚೀಫು ತೆಗೆದೆ.

ಬೆಂಚಿನ ಆ ತುದಿಯಲ್ಲಿ ಊಟದ ಡಬ್ಬಿಯ ಚೀಲ ಹಿಡಿದ ಹೆಂಗಸೊಬ್ಬರು ಬಂದು ಕೂತರು. ಬಿಳಿ ಸೀರೆ, ಆಸ್ಪತ್ರೆಯ ವಾಸನೆ. ನರ್ಸ್ ಇರಬೇಕು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಯಾರುಮ್ಮಾ ವರಣುಂ?" ಎಂದರು. ಯಾರು ಬರಬೇಕು ಎಂದು ಕೇಳುತ್ತಿದ್ದಾರೆ ಎಂದು ತಿಳಿಯಿತು. ಗಂಡನಿಗಾಗಿ ಕಾಯುತ್ತಿದ್ದೇನೆ ಎನ್ನಲು ನನ್ನ ತಮಿಳನ್ನೆಲ್ಲಾ ಒಟ್ಟುಗೂಡಿಸಿ, "ವೀಟ್ಟುಕ್ಕಾರರ್... ಟ್ರೇನ್ ಮಿಸ್. ಟಿಕೆಟ್ ಇಲ್ಲೆ. ವೀಡು ಮಾಂಬಲಂ" ಎಂದೆ.

ಅವರು ನಗಲಿಲ್ಲ. "ಪರವಾಯಿಲ್ಲೆ, ಎನ್ ಕೂಡ ವಾ" ಎಂದು ಕೈ ಹಿಡಿದು ಎಬ್ಬಿಸಿದರು. ಮಾಂಬಲಂವರೆಗೂ ನನ್ನ ಪಕ್ಕದಲ್ಲೇ ಕೂತು, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಏನೇನೋ ಕೇಳಿದರು. ಊರು ಯಾವುದು, ಅಮ್ಮ ಇದ್ದಾರಾ, ಸೀರೆ ಚೆನ್ನಾಗಿದೆ. ಅರ್ಧಂಬರ್ಧ ಉತ್ತರ ಕೊಟ್ಟೆ. ಅಂದು ನನ್ನನ್ನೇ ಕೇಳಿ ನನ್ನ ಉತ್ತರಕ್ಕೇ ಕಾದದ್ದು ಅವರೊಬ್ಬರೇ. ಹುಟ್ಟಿದ ದಿನವೆಂದು ಹೇಳಬೇಕೆನ್ನಿಸಿತು. ಅದನ್ನು ತಮಿಳಿನಲ್ಲಿ ಹೇಗೆ ಹೇಳುವುದೆಂದು ಹುಡುಕುವಷ್ಟರಲ್ಲಿ ನನ್ನ ಸ್ಟೇಷನ್ ಬಂತು.

ಅಲ್ಲೂ ನಮ್ಮವರಿರಲಿಲ್ಲ. ಮನೆಗೆ ನಡೆದು ಹೋಗಿ, ಬೀಗ ಹಾಕಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂತೆ. ಮುಕ್ಕಾಲು ಗಂಟೆಯ ಮೇಲೆ ಅವರು ಓಡಿಕೊಂಡೇ ಮೆಟ್ಟಿಲು ಹತ್ತಿ ಬಂದರು. ಶರ್ಟೆಲ್ಲಾ ಒದ್ದೆ. "ಎಂಗೇ ಪೋಯಿಟ್ಟೇ ನೀ?" ಎಂದು ಕಿರುಚಿದರು, ಎಲ್ಲಿ ಹೋಗಿಬಿಟ್ಟಿದ್ದೆ ಎಂದು. ಮಾಂಬಲಂನಲ್ಲಿ ಕಾದು, ವಾಪಸ್ ಫೋರ್ಟಿಗೆ ಹೋಗಿ, ಸ್ಟೇಷನ್ ಮಾಸ್ತರರ ಕೈಕಾಲು ಹಿಡಿದು ಮೈಕಿನಲ್ಲಿ ಕೂಗಿಸಿದ್ದನ್ನೆಲ್ಲಾ ಒಂದೇ ಉಸಿರಿಗೆ ತಮಿಳಿನಲ್ಲೇ ಹೇಳಿದರು. ಅವರು ಎಷ್ಟು ಸಲ ತೂರಿಸಿದರೂ ಬೀಗಕ್ಕೆ ಕೀಲಿ ಕೂರುತ್ತಿರಲಿಲ್ಲ. ನಾನೇ ತೆಗೆದೆ.

ಅನ್ನಕ್ಕೆ ಮೊಸರು ಕಲೆಸಿ ಇಬ್ಬರೂ ತಿಂದೆವು. ಕೈ ತೊಳೆದು ಬಂದು ಅವರು ಕನ್ನಡದಲ್ಲಿ ಕೇಳಿದರು, "ಕಡೇಲಿ ಹೀಗಾಯ್ತು, ಆದ್ರೂ ದಿನ ಚೆನ್ನಾಗಿತ್ತಲ್ವಾ?"

"ಚೆನ್ನಾಗಿತ್ತು" ಎಂದೆ. ಅಮ್ಮನಿಗೆ ಫೋನು ಮಾಡಿದ್ದು ಮರುದಿನ.

ಮುಂದೆ ನಾನು ಕೆಳಮನೆಯ ಮಾಮಿಯ ಹತ್ತಿರ ತಮಿಳು ಕಲಿತೆ. ಎರಡು ಸಾವಿರದ ನಂತರ ಅಣ್ಣಾ ನಗರದ ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಮನೆಗೆ ಯಾರೇ ಬಂದರೂ ನಮ್ಮವರು ಆ ದಿನದ ಕಥೆ ತೆಗೆಯುತ್ತಿದ್ದರು. "ಇವಳು ಬರ್ತ್‌ಡೇ ದಿನ ಕಾಣಾಮಲ್ ಹೋಗ್ಬಿಟ್ಟಿದ್ಲು!" ಎಂದು ನಗುತ್ತಿದ್ದರು. ಒಮ್ಮೆ ಬಂದವರೆಲ್ಲಾ ಹೋದ ಮೇಲೆ ನಾನು ಹೇಳಿದೆ: "ನಾನು ಕೂಗಿದ್ದೆ. ನೀವು ತಿರುಗಿ ನೋಡಲಿಲ್ಲ. ಆಮೇಲೆ ಎಗ್ಮೋರಿನಲ್ಲಿ ಒಂದೂವರೆ ಗಂಟೆ ಒಬ್ಬಳೇ ಕೂತಿದ್ದೆ."

ಅವರು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ನೀ?"

"ಕೇಳಲಿಲ್ಲವಲ್ಲ ನೀವು."

ಅಂದಿನಿಂದ ಅವರು ಆ ಕಥೆ ಹೇಳುವುದನ್ನೇ ಬಿಟ್ಟುಬಿಟ್ಟರು. ನನಗೆ ಬೇಕಿದ್ದುದು ಅದಲ್ಲ.