ಸಾವಿರದ ನಾನೂರ ಮೂವತ್ತು

ಮೇಸ್ತ್ರಿಯವರ ಬಲ ಅಂಗೈಯಲ್ಲಿ ಎಲ್ಲರಿಗಿಂತ ಒಂದು ರೇಖೆ ಹೆಚ್ಚಿಗಿತ್ತು. ಹೆಬ್ಬೆರಳ ಬುಡದಿಂದ ಕಿರುಬೆರಳ ತನಕ ಅಡ್ಡಲಾಗಿ, ಸುಟ್ಟ ಹಗ್ಗದಂತೆ ಕಪ್ಪಗೆ. ಕೈ ಜಾರಿದ ಅಲ್ಯುಮಿನಿಯಂ ತಂತಿ ಎಂದೋ ಕೊಯ್ದು ಹೋದದ್ದು. "ಇದ್ಯಾವ ರೇಖಾರೀ?" ಎಂದು ಮೊದಲ ದಿನವೇ ಕೇಳಿದ್ದೆ. "ಪಗಾರದ ರೇಖಾರಿ ಬಾಯಾರ. ಆಯುಷ್ಯದ್ದು ಇದರ ಕೆಳಗ ಮುಚ್ಚಿ ಹೋಗೇತಿ," ಎಂದು ನಕ್ಕರು. ನಾನೂ ನಕ್ಕೆ. ಆಗ ನಗುವುದಕ್ಕೆ ನನಗೇನು ಧಾಡಿ!

ನಾನು ಹಾನಗಲ್ಲಿನವಳು. ಡಿಪ್ಲೊಮಾ ಮುಗಿಸಿ, ಕರೆಂಟಿನ ಲೈನ್ ಎಳೆಯುವ ಗುತ್ತಿಗೆದಾರನೊಬ್ಬನ ಹತ್ತಿರ ಸೈಟ್ ಇಂಜಿನಿಯರ್ ಆಗಿ ಸೇರಿದ್ದೆ. ಮೇಸ್ತ್ರಿಯವರು ಸವಣೂರಿನವರು, ನಮ್ಮ ಗ್ಯಾಂಗಿನ ಹಿರಿಯ, ಏಳನೆಯ ತರಗತಿಗೇ ಶಾಲೆ ಬಿಟ್ಟವರು. ತಂತಿಯನ್ನು ಎಷ್ಟು ಬಿಗಿ ಎಳೆಯಬೇಕು ಎಂಬುದಕ್ಕೆ ಒಂದು ಕೋಷ್ಟಕ ಇರುತ್ತದೆ. ಕಡಿಮೆಯಾದರೆ ತಂತಿ ಜೋತು ಬಿದ್ದು ದಾರಿಹೋಕರ ತಲೆಗೆ ಬರುತ್ತದೆ; ಹೆಚ್ಚಾದರೆ ಕಂಬವೇ ಬರುತ್ತದೆ. ಅಳೆಯಲಿಕ್ಕೆ ತಂತಿಯ ತುದಿಗೆ ಒಂದು ಮೀಟರ್ ಸಿಕ್ಕಿಸುತ್ತೇವೆ. ಅದು ಒಂದೇ ಎಳೆತವನ್ನು ಕಿಲೋದಲ್ಲೂ ನ್ಯೂಟನ್ನಿನಲ್ಲೂ ಪೌಂಡಿನಲ್ಲೂ ತೋರಿಸಬಲ್ಲದು. ಬಟನ್ ಒತ್ತಿದರೆ ಅಂಕಿ ಬದಲಾಗುತ್ತದೆ, ಮೂಲೆಯಲ್ಲಿ ಇರುವೆಯಷ್ಟಿರುವ ಅಕ್ಷರವೂ ಬದಲಾಗುತ್ತದೆ. ಬಿಸಿಲಿನಲ್ಲಿ ಆ ಅಕ್ಷರ ಯಾರ ಕಣ್ಣಿಗೆ ಬೀಳಬೇಕು?

ಅದಕ್ಕೇ ಮೇಸ್ತ್ರಿಯವರದೊಂದು ಪದ್ಧತಿ ಇತ್ತು. ಕೆಲಸ ಶುರುವಾಗುವ ಮೊದಲು ಮೀಟರಿಗೆ ಐವತ್ತು ಕಿಲೋದ ಒಡೆಯದ ಸಿಮೆಂಟ್ ಚೀಲ ತೂಗುಹಾಕುವುದು. ಐವತ್ತು ತೋರಿಸಿದರೆ ಕಿಲೋ, ನಾನೂರ ತೊಂಬತ್ತರ ಆಸುಪಾಸು ಬಂದರೆ ನ್ಯೂಟನ್, ನೂರಾ ಹತ್ತಾದರೆ ಪೌಂಡು. ನಾನು ಒಮ್ಮೆ ಕಾಲೇಜಿನ ಪಾಠ ಒಪ್ಪಿಸಿದೆ: ಕಿಲೋ ಅಂದರೆ ದ್ರವ್ಯರಾಶಿ, ಬಲದ ಅಳತೆ ನ್ಯೂಟನ್, ಒಂಬತ್ತು ಪಾಯಿಂಟ್ ಎಂಟರಿಂದ ಗುಣಿಸಬೇಕು, ಇತ್ಯಾದಿ. ಪೂರ್ತಿ ಕೇಳಿಸಿಕೊಂಡರು. "ಖರೇ ಐತ್ರಿ. ಆದ್ರ ಚೀಲಕ್ಕ ಅದೇನೂ ಗೊತ್ತಿಲ್ರಿ, ಅದು ಜಗ್ಗೂದಷ್ಟ ಜಗ್ತೇತಿ. ಮೀಟರ್ ಯಾವ ಭಾಷಾದಾಗ ಮಾತಾಡಾಕತ್ತೇತಿ ಅನ್ನೂದು ಮೊದಲ ತಿಳ್ಕೋಬೇಕು." ಬರಿ ಅಂಕಿ ಹೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಆರ್ನೂರಾ ಐವತ್ತು ಏನ್ರಿ? ಎಮ್ಮಿ ಏನು, ಇಟ್ಟಂಗಿ ಏನು?"

ಇಷ್ಟಾಗಿಯೂ ಅವರು ಪೂರ್ತಿ ನಂಬುತ್ತಿದ್ದುದು ತಮ್ಮ ಅಂಗೈಯನ್ನೇ. ಎಳೆದ ತಂತಿಗೆ ಒಂದು ಏಟು ಬಡಿದು ಕಣ್ಣು ಮುಚ್ಚುತ್ತಿದ್ದರು. ಏಟು ತಂತಿಗುಂಟ ಮುಂದಿನ ಕಂಬಕ್ಕೆ ಹೋಗಿ, ತಿರುಗಿ ಬಂದು ಕೈಗೆ ತಟ್ಟುತ್ತದೆ. "ಏಕ್... ದೋ... ತೀನ್..." ಬಿಗಿಯಿದ್ದರೆ ಬೇಗ ಬರುತ್ತದೆ, ಸಡಿಲಿದ್ದರೆ ತಡವಾಗಿ. ಅವರು ಹೇಳಿದ್ದಕ್ಕೂ ಮೀಟರಿಗೂ ಹತ್ತಿಪ್ಪತ್ತು ಕಿಲೋದ ಅಂತರವಿದ್ದರೆ ಹೆಚ್ಚು. ಗೆದ್ದ ಗತ್ತಿನಲ್ಲಿ ಜೇಬಿನಿಂದ ತಮ್ಮೂರಿನ ಕರಿದ ಖಾರದ ಪೊಟ್ಟಣ ತೆಗೆದು, "ತಗೋರಿ," ಎಂದು ನನ್ನ ಮುಂದೆ ಹಿಡಿಯುತ್ತಿದ್ದರು.

ಯಲವಿಗಿ ಹತ್ತಿರ ಕೆಲಸ ನಡೆದಿತ್ತು. ಅವತ್ತು ಚೀಲ ತೂಗಿದಾಗ ಮೀಟರ್ ನೂರಾ ಹತ್ತು ತೋರಿಸಿತು. ಬಟನ್ ಒತ್ತಿ ಕಿಲೋಗೆ ತಂದಿದ್ದರೆ ಮುಗಿಯುತ್ತಿತ್ತು. ಲೆಕ್ಕದಲ್ಲಿ ನಾನೇನು ಕಡಿಮೆ? ಕೋಷ್ಟಕದಲ್ಲಿದ್ದ ಆರುನೂರ ಐವತ್ತು ಕಿಲೋವನ್ನು ಎರಡು ಪಾಯಿಂಟ್ ಎರಡರಿಂದ ಗುಣಿಸಿ, ತಂತಿ ಎಳೆಯುವ ಕಂಬದ ಬುಡದಲ್ಲಿ ಸುಣ್ಣದಕಡ್ಡಿಯಿಂದ ದೊಡ್ಡದಾಗಿ ೧೪೩೦ ಎಂದು ಬರೆದೆ. ಪೌಂಡು ಎಂದು ಬರೆಯಲಿಲ್ಲ. ಮೇಸ್ತ್ರಿಯವರು ಆಗ ದೂರದ ಕಂಬದ ಮೇಲಿದ್ದರು.

ಅಂದು ಕೆಲಸ ಮುಗಿಯಲಿಲ್ಲ. ಮರುದಿನ ಮೀಟರಿನ ಬ್ಯಾಟರಿ ಸತ್ತಿತ್ತು, ಬದಲಿಸಿದೆ. ಪಕ್ಕದ ಹಳೆ ಲೈನಿನ ಕರೆಂಟನ್ನು ಹತ್ತರಿಂದ ಹನ್ನೆರಡರ ತನಕ ಮಾತ್ರ ತೆಗೆದಿದ್ದರು. ನನಗೆ ಗಡಿಬಿಡಿ.

"ಚೀಲ ಎಲ್ಲೈತ್ರಿ?" ಮೇಸ್ತ್ರಿ ಕೇಳಿದರು.

"ನಿನ್ನೇನ ತೂಗೇವಲ್ರಿ. ಹೊತ್ತಾತು, ಹತ್ರಿ."

"ಬ್ಯಾಟರಿ ಬದಲ ಮಾಡಿದ ಮ್ಯಾಲ ಅದು ಹೊಸಾ ಮನಶ್ಯಾ ಇದ್ದಂಗ್ರಿ. ಮತ್ತೊಮ್ಮೆ ಗುರ್ತಾ ಮಾಡ್ಕೋಬೇಕು."

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

ಆ ಮಾತನ್ನು ಆಡಿದ ಬಾಯಿಗೆ ಏನು ಮಾಡಿದರೂ ಕಡಿಮೆಯೇ. ಮೇಸ್ತ್ರಿ, ಕಂಬ ಮುಂದಕ್ಕೆ ವಾಲದಂತೆ ಹಿಂದಿನಿಂದ ಹಿಡಿದಿರುವ ತಂತಿಯನ್ನು ನೆಲದಲ್ಲಿ ಹುಗಿದ ಜಾಗಕ್ಕೆ ಹೋಗಿ, ಹಿಮ್ಮಡಿಯಿಂದ ಎರಡು ಸಲ ಒತ್ತಿ ನೋಡಿದರು. ಎರಡು ದಿನದ ಹಿಂದಿನ ಮಳೆಗೆ ಎರೆಮಣ್ಣು ಇನ್ನೂ ಮೆತ್ತಗಿತ್ತು. ಆಮೇಲೆ ಸೊಂಟದ ಪಟ್ಟಿ ಕಟ್ಟಿಕೊಂಡು ಕಂಬ ಹತ್ತಿದರು.

ಎಳೆಯುವ ಯಂತ್ರ ತಿರುಗತೊಡಗಿತು. ಐನೂರು, ಏಳುನೂರು, ಒಂಬೈನೂರು. ಮೇಸ್ತ್ರಿ ಕೈಯೆತ್ತಿ ನಿಲ್ಲಿಸಿದರು. ತಂತಿಗೆ ಬಡಿದು ಕಣ್ಣು ಮುಚ್ಚಿದರು. ಈ ಸಲ ಎಣಿಕೆ ದಡದಡನೆ ಮುಗಿಯಿತು.

"ಬಾಯಾರ, ಭಾಳ ಲಗೂ ಬರಾಕತ್ತೇತ್ರಿ. ಬಿಗಿ ಆಗೇತಿ."

"ಈಗಿನ್ನೂ ಒಂಬೈನೂರಾ ಎಂಬತ್ತೈತ್ರಿ. ಸಾವಿರದ ನಾಕ್ನೂರಾ ಮೂವತ್ತಕ್ಕ ಒಯ್ಯಬೇಕು!"

ಮೇಲಿನಿಂದ ನನ್ನನ್ನೇ ನೋಡಿದರು. "ಖರೇನ್ರಿ?"

"ಖರೇನ."

ಇನ್ನೊಮ್ಮೆ ತಂತಿಯ ಮೇಲೆ ಕೈಯಿಟ್ಟರು, ತೆಗೆದರು. ಯಂತ್ರದವನ ಕಡೆ ತಿರುಗಿ, "ಎಳೀಪಾ," ಎಂದರು.

ಸಾವಿರದ ಇನ್ನೂರು ದಾಟಿರಲಿಲ್ಲ. ಹಿಂದಿನ ತಂತಿಯ ಬುಡದ ಮಣ್ಣು ಉಬ್ಬಿತು. ಯಾರೋ "ಏ ಏ ಏ" ಎಂದು ಕೂಗಿದರು. ಹುಗಿದಿದ್ದ ಕಬ್ಬಿಣ ಕಿತ್ತು ಬಂತು, ಕಂಬ ನಡುವೆ ಮುರಿಯಿತು. ಸೊಂಟಪಟ್ಟಿಯಿಂದ ಕಂಬಕ್ಕೇ ಬಿಗಿದುಕೊಂಡಿದ್ದ ಮನುಷ್ಯ ಅದರ ಜೊತೆಗೇ ನೆಲಕ್ಕೆ ಬಂದರು.

ಎಲ್ಲರೂ ಅವರ ಕಡೆ ಓಡಿದರು. ದೂರ ಜಿಗಿದಿದ್ದ ನಾನು ತಿರುಗಿ ಮೀಟರಿನ ಕಡೆ ಓಡಿದೆ. ಕೈ ಅಡ್ಡ ಹಿಡಿದು ನೆರಳು ಮಾಡಿ ಮೂಲೆ ನೋಡಿದೆ. ಕಿಲೋ! ಬ್ಯಾಟರಿ ತೆಗೆದು ಹಾಕಿದಾಗ ಅದು ತಾನಾಗಿಯೇ ಕಿಲೋಗೆ ಮರಳಿತ್ತು. ಎರಡು ಪಟ್ಟಿಗಿಂತ ಹೆಚ್ಚಿನ ಎಳೆತಕ್ಕೆ ಹೂಂ ಅಂದಿದ್ದೆ ನಾನು. ಅವರನ್ನು ಜೀಪಿಗೆ ಎತ್ತಿ ಹಾಕುವಾಗ ನಾನೇನು ಮಾಡುತ್ತಿದ್ದೆ ಗೊತ್ತೇ? ಮುರಿದ ಕಂಬದ ಬುಡದ ಮೇಲಿದ್ದ ನನ್ನ ಅಂಕಿಯನ್ನು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡನೆಯ ದಿನ ಅವರಿಗೆ ಎಚ್ಚರ ಬಂತು. ವಿಚಾರಣೆಗೆ ಬಂದ ಸಾಹೇಬರು, ಎಳೆಯಲು ಹೇಳಿದ್ದು ಯಾರು ಎಂದು ಕೇಳಿದರು. ನಾನು ಮಂಚದ ಕಾಲ ಕಡೆ ನಿಂತಿದ್ದೆ. ಮೇಸ್ತ್ರಿ ನನ್ನನ್ನು ನೋಡಿದರು. "ಎಳೀ ಅಂದಾಂವ ನಾನ ರೀ," ಎಂದರು. ಸಾಹೇಬರು ಬರೆದುಕೊಂಡರು. ಮೂರನೆಯ ದಿನ ಅವರು ತೀರಿಕೊಂಡರು. ಮೇಸ್ತ್ರಿ ಮೀಟರ್ ನೋಡದೆ ಹೆಚ್ಚು ಎಳೆಸಿದ್ದೇ ಕಾರಣ ಎಂದು ವರದಿಯಾಯಿತು. ಕೆಳಗೆ ನನ್ನ ಸಹಿಯೂ ಇದೆ.

ನಲವತ್ತು ದಿನ ಕಳೆದ ಮೇಲೆ ಸವಣೂರಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು ಎದುರಿಗೆ ಕುಳಿತರು.

"ಮೀಟರ್ ನೋಡಲಾರದ ಎಳಸಿದ್ರು ಅಂತ ಮಂದಿ ಅಂತಾರ್ರಿ. ಮೂವತ್ತು ವರ್ಷ ಇದ ಕೆಲಸ ಮಾಡಿದೋರು. ನೀವು ಅಲ್ಲೇ ಇದ್ರಿ, ಕಲತೋರು. ನೀವರೆ ಹೇಳ್ರಿ, ಅವರು ತಪ್ಪು ಮಾಡಿದ್ರೇನು?"

"ಇಲ್ರೀ, ಅವರದೇನೂ ತಪ್ಪಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ಇಲ್ಲವೇ ಪೂರ್ತಿ ಹೇಳಬೇಕಿತ್ತು. "ಮೀಟರ್ ಕೆಟ್ಟಿತ್ರಿ," ಎಂದೆ.

ಆಕೆ ನನ್ನೆರಡೂ ಕೈ ಹಿಡಿದುಕೊಂಡು, "ನೀವೊಬ್ಬರರೆ ಖರೇ ಹೇಳಿದ್ರಿ," ಎಂದು ಅತ್ತರು.

ಮೀಟರ್ ಕೆಟ್ಟಿರಲಿಲ್ಲ. ಅದನ್ನು ಹೇಳಲಿಕ್ಕೆ ನಾನು ಇನ್ನೂ ಆ ಮನೆಗೆ ಹೋಗಿಲ್ಲ.