ಸೀಬೆ ಕೊಂಬೆಗೆ ಗೆಜ್ಜೆವಸ್ತ್ರ

ಆಗ ಯಡಿಯೂರು ಕೆರೆಯ ಹಿಂದಿನ ನಮ್ಮ ಬೀದಿಗೆ ಡಿಸೆಂಬರ್ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಮನೆಮನೆಯ ಮುಂದೆ ಅವರೆಕಾಯಿ ಸಿಪ್ಪೆಯ ರಾಶಿ ಬೀಳುತ್ತಿತ್ತು. ಅದರ ಸೊಗಡು ನಮ್ಮ ಬೆರಳಿಗೆ ಅಂಟಿ ಸ್ಕೂಲಿನ ಮಗ್ಗಿ ಪುಸ್ತಕದವರೆಗೂ ಹೋಗುತ್ತಿತ್ತು. ಬೆಳಗಿನ ಚಳಿಯಲ್ಲಿ ದೇವಸ್ಥಾನದ ಕಡೆಯಿಂದ ಧನುರ್ಮಾಸದ ಹುಗ್ಗಿಯ ಘಮ ಬಂದರೆ, ಸಂಜೆ ನಮ್ಮ ಮಹಡಿ ಮನೆಯಿಂದ ಕೇಕಿನ ವಾಸನೆ ಮೆಟ್ಟಿಲಿಳಿದು ಬರುತ್ತಿತ್ತು.

ಮಹಡಿ ಮನೆಯಲ್ಲಿ ಬಾಡಿಗೆಗಿದ್ದವರು ಫಿಲೋ ಆಂಟಿ, ಅವರ ಯಜಮಾನರು, ಮಗಳು ಜೆನ್ನಿ. ಫಿಲೋಮಿನಾ ಎಂಬ ಹೆಸರು ನಮ್ಮ ಅಜ್ಜಿಯ ಬಾಯಿಗೆ ಒಗ್ಗಲಿಲ್ಲ. ತನ್ನ ಊರುಕೇರಿಯಲ್ಲಿದ್ದ ಹೆಸರನ್ನೇ ಹುಡುಕಿ ಪಿಳ್ಳಮ್ಮ ಎಂದು ಕರೆಯುತ್ತಿದ್ದಳು. ಆಂಟಿಯೂ ಪಿಳ್ಳಮ್ಮ ಅಂದರೆ ತಾವೇ ಎಂದು ಒಪ್ಪಿಕೊಂಡು ಓಗೊಡುತ್ತಿದ್ದರು. ಜೆನ್ನಿ ನನ್ನ ಕ್ಲಾಸು. ಪ್ರತಿ ವರ್ಷ ಅವಳ ಅಪ್ಪ ಬಿದಿರು ಕಡ್ಡಿಗೆ ಗಾಳಿಪಟದ ಕಾಗದ ಅಂಟಿಸಿ ದೊಡ್ಡ ನಕ್ಷತ್ರ ಮಾಡಿ, ಒಳಗೆ ಬಲ್ಬಿಟ್ಟು ನಮ್ಮ ಬಾಲ್ಕನಿಗೆ ತೂಗುಹಾಕುತ್ತಿದ್ದರು. ಬೀದಿಯವರು ನಮ್ಮ ಮನೆಗೆ ಗುರುತು ಹೇಳುತ್ತಿದ್ದದ್ದೇ ಸ್ಟಾರ್ ಮನೆ ಎಂದು. ಆ ವರ್ಷದ ಮಳೆಗಾಲದಲ್ಲಿ ಆ ಅಂಕಲ್ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ಡಿಸೆಂಬರ್ ಬಂದಾಗ ಬಾಲ್ಕನಿ ಕತ್ತಲೆಯಾಗಿಯೇ ಇತ್ತು. ಕೇಕಿನ ವಾಸನೆಯೂ ಇಳಿದು ಬರಲಿಲ್ಲ. ಜೆನ್ನಿ ಕುಂಟಾಬಿಲ್ಲೆಗೆ ಬರುವುದನ್ನು ಬಿಟ್ಟಿದ್ದಳು. ಕೇಳಿದರೆ, "ನಮಗೆ ಈ ವರ್ಷ ಹಬ್ಬ ಇಲ್ಲ ಕಣೆ. ಮಮ್ಮಿ ಏನೂ ಮಾಡಲ್ಲ ಅಂದ್ರು" ಎಂದು ಹೇಳಿ ಮೆಟ್ಟಿಲು ಹತ್ತಿಬಿಟ್ಟಳು. ನನಗೆ ಅವಳಿಗಿಂತ ಹೆಚ್ಚು ಅಳು ಬಂದಿತ್ತು. ಅದರಲ್ಲಿ ಕೇಕಿನ ಪಾಲೂ ಸ್ವಲ್ಪ ಇತ್ತೆಂದು ಈಗ ಹೇಳಿದರೆ ತಪ್ಪಿಲ್ಲ.

ಮಧ್ಯಾಹ್ನ ಹಜಾರದಲ್ಲಿ ಅಜ್ಜಿಯ ಜೊತೆ ಹಿತಕಿದ ಬೇಳೆ ಮಾಡುತ್ತಾ ಕೂತಿದ್ದಾಗ ಈ ವಿಷಯ ಹೇಳಿದೆ. ಅಜ್ಜಿ ನೆನೆದ ಕಾಳನ್ನು ಬೆರಳಲ್ಲಿ ಒತ್ತಿ ಪಟಕ್ಕನೆ ಬೇಳೆ ಹಾರಿಸುತ್ತಾ ಕೇಳಿಸಿಕೊಂಡಳು.

"ಸರಿಯಾಗೇ ಹೇಳವ್ಳೆ ಪಿಳ್ಳಮ್ಮ. ಸಾವಾದ ಮನೇಲಿ ವರ್ಷ ತುಂಬೋಗಂಟ ಹಬ್ಬ ಮಾಡಂಗಿಲ್ಲ. ನಿಮ್ ತಾತ ಹೋದ ವರ್ಷ ನಾನೂ ಯುಗಾದಿಗೆ ಒಲೆ ಮ್ಯಾಲೆ ಹೂರಣ ಇಡ್ಲಿಲ್ಲ."

"ಹಂಗಾದ್ರೆ ನೀವು ಒಬ್ಬಟ್ಟೇ ತಿನ್ಲಿಲ್ವಾ ಅಜ್ಜಿ?"

"ತಿಂದ್ವಲ್ಲ. ಪಕ್ಕದ ಮನೆಯೋರು ತಂದುಕೊಟ್ರು. ನಾವು ಮಾಡಂಗಿಲ್ಲ ಅಷ್ಟೇ. ಬ್ಯಾರೆಯೋರು ಮಾಡಿ ತಂದ್ರೆ ಬ್ಯಾಡ ಅನ್ನಂಗಿಲ್ಲ." ಹೇಳುತ್ತಾ ಹೇಳುತ್ತಾ ಅಜ್ಜಿಯ ಕೈ ನಿಂತಿತು. "ಅಲ್ಲ ಕಣವ್ವ, ಇವರಿಗೆ ಯಾರು ಮಾಡಿಕೊಡ್ತಾರೆ? ಈ ಬೀದೀಲಿ ಅವರ ಪೈಕಿಯೋರು ಯಾರೂ ಇಲ್ವಲ್ಲ."

"ನಮಗೆ ಕ್ರಿಸ್‌ಮಸ್ ಮಾಡಕ್ಕೆ ಬರಲ್ವಲ್ಲಜ್ಜಿ."

"ಬರದೇ ಇರಕ್ಕೆ ಅದೇನು ವಿಮಾನವಾ? ಏನೇನು ಬೇಕು ಹೇಳು."

ನಾನೂ ನನ್ನ ತಮ್ಮ ಕಿಟ್ಟಿಯೂ ಹೇಳಿದೆವು. ಒಂದು ಗಿಡ ಬೇಕು, ಅದಕ್ಕೆ ನಕ್ಷತ್ರ ಬೇಕು, ಕೆಳಗೆ ಗಿಫ್ಟು ಬೇಕು. ಪ್ರತಿ ವರ್ಷ ಅದಕ್ಕೆಂದು ಸರ್ವೆ ಮರದ ಕೊಂಬೆ ತರುತ್ತಿದ್ದವರು ಅಂಕಲ್. ಅಜ್ಜಿ ಹಿತ್ತಲಿಗೆ ಹೋಗಿ ಕುಡುಗೋಲಿನಿಂದ ಸೀಬೆ ಮರದ ಒಂದು ಕೊಂಬೆ ಕಡಿದು ತಂದು, ಮರಳು ತುಂಬಿದ ಬಣ್ಣದ ಡಬ್ಬಿಯಲ್ಲಿ ನೆಟ್ಟಳು. ಕೊಂಬೆಯಲ್ಲಿ ಎರಡು ಸೀಬೆಕಾಯಿಗಳಿದ್ದವು. ಕಿಟ್ಟಿ ಕೀಳಹೋದದ್ದಕ್ಕೆ ಕೈ ಮೇಲೆ ಒಂದು ಏಟು ಬಿತ್ತು. "ಇರ್ಲಿ ಬಿಡ್ಲಾ. ಬರೀ ಕೊಂಬೆ ತಗೊಂಡೋಗಿ ಕೊಡ್ತಾರಾ ಯಾರಾದ್ರೂ?"

ನಕ್ಷತ್ರಕ್ಕೆ ಹಳೆಯ ಲಗ್ನಪತ್ರಿಕೆಗಳಿದ್ದವು. ಆಗೆಲ್ಲ ಮದುವೆಗೆ ಹೋಗಿಬಂದ ಮೇಲೂ ಪತ್ರಿಕೆ ಎಸೆಯುವ ಪದ್ಧತಿ ನಮ್ಮಲ್ಲಿರಲಿಲ್ಲ, ಬೀರುವಿನ ಅಡಿಯಲ್ಲಿ ಒಂದು ಕಟ್ಟೇ ಇತ್ತು. ದಪ್ಪ ಕಾಗದ, ಬಂಗಾರದ ಬಣ್ಣ. ನಾವು ಕತ್ತರಿಸುತ್ತಾ ಹೋದಂತೆ ಒಂದು ನಕ್ಷತ್ರಕ್ಕೆ ಗಣೇಶನ ಸೊಂಡಿಲು ಬಂತು, ಇನ್ನೊಂದಕ್ಕೆ ಬಾಳೆಕಂಬ ಬಂತು, ಮತ್ತೊಂದರಲ್ಲಿ "ಸಕುಟುಂಬ ಸಪರಿವಾರ" ಎಂದಷ್ಟೇ ಉಳಿಯಿತು. ಅಮ್ಮ ಮೈದಾಹಿಟ್ಟು ಕುದಿಸಿ ಗೋಂದು ಮಾಡಿಕೊಟ್ಟಳು. ಅರ್ಧ ಗೋಂದು ಕಾಗದಕ್ಕೆ ಹೋಯಿತು, ಅರ್ಧ ಕಿಟ್ಟಿಯ ಹೊಟ್ಟೆಗೆ. ಖಾಲಿ ಬೆಂಕಿಪೊಟ್ಟಣಗಳಿಗೆ ಬಣ್ಣದ ಕಾಗದ ಸುತ್ತಿ, ದಾರ ಕಟ್ಟಿ ಗಿಫ್ಟು ಮಾಡಿದೆವು. ಖಾಲಿ ಪೊಟ್ಟಣ ಕೊಡುವುದು ಅಜ್ಜಿಗೆ ಮತ್ತೆ ಸರಿಬರಲಿಲ್ಲ. ಒಂದೊಂದರೊಳಗೂ ಕಲ್ಲುಸಕ್ಕರೆ ಇಟ್ಟಳು.

"ಆಮ್ಯಾಲೆ?" ಎಂದಳು.

"ಆಮೇಲೆ ಮೇಲುಗಡೆ ಹಿಮ ಬಿದ್ದಿರ್ಬೇಕು" ಎಂದೆ.

ಹಿಮವನ್ನು ನಾವ್ಯಾರೂ ಕಂಡವರಲ್ಲ. ಹೇಗಿರುತ್ತದೆ ಎಂದು ಅಜ್ಜಿ ಕೇಳಿದ್ದಕ್ಕೆ ಕಿಟ್ಟಿ, "ಬೆಳ್ಳಗೆ ಹತ್ತಿ ಥರ ಇರುತ್ತಜ್ಜಿ" ಎಂದ. ಅಜ್ಜಿಯ ಮುಖ ಅರಳಿತು. ಹತ್ತಿಯ ಕೆಲಸದಲ್ಲಿ ನಮ್ಮ ಬೀದಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಗೌರಿಹಬ್ಬಕ್ಕೆ, ವರಮಹಾಲಕ್ಷ್ಮಿಗೆ ಎಲ್ಲರ ಮನೆಯ ಗೆಜ್ಜೆವಸ್ತ್ರವೂ ಅವಳ ಕೈಯದೇ. ಬೀಜ ಬಿಡಿಸಿದ ಹತ್ತಿಯನ್ನು ತೆಳ್ಳಗೆ ಎಳೆದು, ಬೆರಳನ್ನು ಹಾಲಿನಲ್ಲಿ ಅದ್ದಿ, ಒಂದು ಕಡೆ ಹೊಸೆದು ಒಂದು ಕಡೆ ಉಬ್ಬಲು ಬಿಟ್ಟು ಹೋಗುತ್ತಿದ್ದರೆ ದೇವರ ಕೊರಳಿಗೆ ಹಾಕುವ ಬಿಳಿಯ ಹಾರ ಮೊಣಕಾಲ ಮೇಲಿಂದ ಉದ್ದಕ್ಕೆ ಇಳಿಯುತ್ತಿತ್ತು. ಪ್ರತಿ ಉಬ್ಬಿಗೂ ಒಂದು ಕುಂಕುಮದ ಬೊಟ್ಟು ಇಡುವ ಕೆಲಸ ನನ್ನದು. ಹೊಸೆಯುವುದು ಅಜ್ಜಿ, ಬೊಟ್ಟಿಡುವುದು ನಾನು, ತಾತ ಹೋದಾಗಿನಿಂದ ಹಾಗೇ ನಡೆದಿತ್ತು. ದೊಡ್ಡವರಿಗೊಂದು ಕೆಲಸ, ಚಿಕ್ಕವರಿಗೊಂದು ಎಂದಷ್ಟೇ ನಾನು ತಿಳಿದಿದ್ದೆ.

ಆ ದಿನವೂ ಅಜ್ಜಿ ಹೊಸೆದು ಹಾಕುತ್ತಿದ್ದಳು, ನಾನು ಕುಂಕುಮದ ಬಟ್ಟಲು ತಂದು ಅಭ್ಯಾಸಬಲದಿಂದ ಇಡುತ್ತಾ ಹೋದೆ. ಹಿಮದ ಮೇಲೆ ಕುಂಕುಮ ಇರುವುದಿಲ್ಲವೆಂದು ಇಬ್ಬರಿಗೂ ಹೊಳೆಯಲಿಲ್ಲ. ಹಾರ ಮುಗಿಯುತ್ತಾ ಬಂದಾಗ ಅಮ್ಮ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತೆ, ಆ ಮನೆಗೆ ಕುಂಕುಮ ಕಳಿಸ್ತೀರಾ?"

ಅಜ್ಜಿ ಹಾರ ನೋಡಿದಳು. ತನ್ನ ಬೋಳು ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು. ಗಂಡ ಹೋಗಿ ಆರು ತಿಂಗಳಾಗದ ಹೆಂಗಸಿನ ಮನೆಗೆ ಕುಂಕುಮ ಹೊತ್ತುಕೊಂಡು ಹೋದರೆ ಏನರ್ಥವೆಂದು ಅವಳಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಬೇರೆ ಹಾರ ಮಾಡಲು ಮನೆಯಲ್ಲಿ ಹತ್ತಿ ಉಳಿದಿರಲಿಲ್ಲ, ಇಷ್ಟನ್ನೂ ಬಿಟ್ಟುಬಿಡುತ್ತಾಳೆಂದು ನನಗೆ ಭಯವಾಯಿತು.

"ನಾನೇ ತಗೊಂಡು ಹೋಗ್ತೀನಿ. ಕೇಳಿಯೇ ಕೊಡ್ತೀನಿ" ಎಂದು ಎದ್ದಳು.

ಮಂಡಿನೋವಿನ ಅಜ್ಜಿ ಒಂದೊಂದೇ ಮೆಟ್ಟಿಲು ಹತ್ತಿದಳು. ಹಿಂದೆ ಡಬ್ಬಿ ಹಿಡಿದ ನಾವಿಬ್ಬರು. ಬಾಗಿಲು ತೆಗೆದ ಆಂಟಿ ಸೀಬೆ ಕೊಂಬೆ ನೋಡಿದರು, ಸೊಂಡಿಲಿನ ನಕ್ಷತ್ರ ನೋಡಿದರು. ಅಜ್ಜಿ ತಟ್ಟೆಯಲ್ಲಿದ್ದ ಹಾರವನ್ನು ಕೊಡದೆ ಹಿಡಿದುಕೊಂಡೇ ನಿಂತಳು.

"ಪಿಳ್ಳಮ್ಮ, ನಿಮ್ಮನೇಲಿ ಈ ವರ್ಷ ಮಾಡಂಗಿಲ್ಲ ಅಂತ ನಾವು ಮಾಡಿ ತಂದ್ವಿ. ಮಗು ತಿಳೀದೆ ಕುಂಕುಮ ಇಟ್ಬುಟ್ಟದೆ. ನಿನಗೆ ಮನಸಿಗೆ ನೋವಾದ್ರೆ ಹೇಳವ್ವ, ವಾಪಸ್ ತಗೊಂಡು ಹೋಗ್ತೀನಿ."

"ನೋವು ಯಾಕಜ್ಜಿ?"

"ನಮ್ಮಲ್ಲಿ ಗಂಡ ಹೋದ ಮ್ಯಾಲೆ ಕುಂಕುಮ ಮುಟ್ಟಂಗಿಲ್ಲ. ಹಾರ ಹೊಸೀತೀನಿ, ಬೊಟ್ಟು ಇವಳ ಕೈಲಿ ಇಡಿಸ್ತೀನಿ."

ಆಗಲೇ ನನಗೆ ಗೊತ್ತಾದದ್ದು. ಅಷ್ಟು ವರ್ಷ ನಾನು ಚಿಕ್ಕವಳ ಕೆಲಸ ಎಂದುಕೊಂಡಿದ್ದು ಅಜ್ಜಿಯ ಕೈಯಿಂದ ಕಿತ್ತುಕೊಂಡ ಕೆಲಸವಾಗಿತ್ತು.

ಆಂಟಿ ಹಾರವನ್ನು ತಟ್ಟೆಯಿಂದ ಎತ್ತಿಕೊಂಡರು. ಬೆರಳಲ್ಲಿ ಒಂದೊಂದೇ ಉಬ್ಬು ಸರಿಸುತ್ತಾ ತುದಿಯವರೆಗೂ ಹೋದರು. ಅಮ್ಮ ಬಂದು ನಿಂತಾಗ ನಾನು ಬಿಟ್ಟಿದ್ದ ಕೊನೆಯ ಉಬ್ಬು ಬೆಳ್ಳಗೇ ಇತ್ತು.

"ಇಲ್ಲೊಂದು ಬಿಟ್ಟು ಹೋಗಿದೆ. ನೀವೇ ಇಡಿ ಅಜ್ಜಿ. ನಮ್ಮಲ್ಲಿ ಆ ಥರ ಏನಿಲ್ಲ. ಇದು ನಮ್ಮ ಹಬ್ಬ ತಾನೆ?"

ಕಿಟ್ಟಿ ಓಡಿಹೋಗಿ ಕುಂಕುಮದ ಬಟ್ಟಲು ತಂದ. ಅಜ್ಜಿ ಬೆರಳು ಅದ್ದಿದಳು. ಅಭ್ಯಾಸ ತಪ್ಪಿದ್ದರಿಂದ ಬೊಟ್ಟು ದೊಡ್ಡದಾಯಿತು, ಹಾಲಿನ ತೇವಕ್ಕೆ ಇನ್ನೂ ಹರಡಿತು. ಅಜ್ಜಿ ಗೋಡೆಯ ಮೇಲಿನ ಏಸುವಿನ ಪಟದ ಕಡೆ ನೋಡಿ, "ನಮ್ಮ ದೇವರಿಗೆ ಹೋಗಿ ಹೇಳಬ್ಯಾಡಪ್ಪ" ಎಂದಳು. ಆಂಟಿ ನಕ್ಕರು. ನಗುತ್ತಲೇ ಅಜ್ಜಿಯ ಭುಜಕ್ಕೆ ತಲೆಯಿಟ್ಟು ಅತ್ತರು. ಜೆನ್ನಿ ಒಳಗಿಂದ ಬಂದು "ಸಕುಟುಂಬ ಸಪರಿವಾರ" ನಕ್ಷತ್ರವನ್ನು ಹುಡುಕಿ ಎಲ್ಲಕ್ಕಿಂತ ಮೇಲೆ ಕಟ್ಟಿದಳು.

ಕೆಳಗೆ ಬಂದ ಅಜ್ಜಿ ಕೈ ತೊಳೆಯಲಿಲ್ಲ. ಸಂಜೆಯವರೆಗೂ ಕೆಂಪು ಬೆರಳಿನಲ್ಲೇ ಅವರೆಕಾಳು ಹಿತಕಿದಳು. ಅಮ್ಮ ನೋಡಿದಳು, ಆ ಬೇಳೆಯಲ್ಲೇ ರಾತ್ರಿಗೆ ಸಾರು ಮಾಡಿದಳು.

ಈಗ ನಾನಿರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ. ಗಿಡ ಪೆಟ್ಟಿಗೆಯಲ್ಲಿ ಮಡಚಿಕೊಂಡು ಬರುತ್ತದೆ, ಹಿಮ ಡಬ್ಬಿಯಿಂದ ಬುಸ್ಸೆಂದು ಬರುತ್ತದೆ. ಗೆಜ್ಜೆವಸ್ತ್ರವೂ ಬಣ್ಣ ಹಾಕಿಸಿಕೊಂಡೇ ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತದೆ. ಅಪ್ಪ ಹೋದ ಮೇಲೂ ಅಮ್ಮ ಕುಂಕುಮ ಇಟ್ಟುಕೊಳ್ಳುತ್ತಾಳೆ, ಯಾರೂ ಬೇಡವೆನ್ನಲಿಲ್ಲ. ಆ ಕಟ್ಟಳೆ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಅದರ ಜೊತೆಗೆ ಇನ್ನೊಂದೂ ಹೊರಟುಹೋಯಿತಲ್ಲ, ಅದಕ್ಕೆ ಇದೆ.

ಹೋದ ಡಿಸೆಂಬರ್‌ನಲ್ಲಿ ನಮ್ಮ ಮಹಡಿಯ ಬಾಗಿಲುಗಳಿಗೆಲ್ಲ ಮಕ್ಕಳು ನಕ್ಷತ್ರ ಅಂಟಿಸಿದ್ದರು. ಎದುರು ಮನೆಯ ಬಾಗಿಲು ಮಾತ್ರ ಬೋಳಾಗಿತ್ತು. ಊರಿಗೆ ಹೋಗಿರಬೇಕೆಂದುಕೊಂಡೆ. ಆ ಮನೆಯಾಕೆಯ ಯಜಮಾನರು ದಸರಾ ಹೊತ್ತಿಗೇ ತೀರಿಕೊಂಡಿದ್ದರೆಂದು ನನಗೆ ತಿಳಿದದ್ದು ಯುಗಾದಿ ಕಳೆದ ಮೇಲೆ, ಲಿಫ್ಟಿನಲ್ಲಿ. ಯುಗಾದಿಗೂ ಅವರಿಗೆ ಯಾರೂ ಒಬ್ಬಟ್ಟು ಕೊಟ್ಟಿರಲಿಲ್ಲ. ಅಜ್ಜಿಯಾಗಿದ್ದರೆ ಬೋಳು ಬಾಗಿಲು ಕಂಡ ದಿನವೇ ಹೋಗಿ ತಟ್ಟುತ್ತಿದ್ದಳು.