ಬಸ್‌ಸ್ಟಾಪಿನ ಹಿಂದಿನ ಬೋರ್ಡು

ಶೋಳಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಮೂರು ದಿನದಿಂದ ಬಣ್ಣ ಹೊಡೆಯುತ್ತಿದ್ದಾರೆ. ಮುಗಿದಿರುವುದು ಅರ್ಧ ಗೇಟು, ವಾಸನೆ ಮಾತ್ರ ಏಳನೆಯ ಮಹಡಿಯವರೆಗೆ. ಟರ್ಪೆಂಟೈನ್ ವಾಸನೆಗೆ ಬೇರೆಯವರಿಗೆ ತಲೆನೋವು ಬರುತ್ತದೆ. ನನಗೆ ವಡಪಳನಿಯ ಬೋರ್ಡ್ ಮಾಮ ನೆನಪಾಗುತ್ತಾರೆ. ನೆನಪಾದರೆ ಸುಮ್ಮನಿರಬೇಕಿತ್ತು. ಇರಲಾರದೆ, ಅವರು ಕೆಲಸ ಮಾಡಿದ್ದ ಒಂದು ಹಳೆಯ ಸಿನಿಮಾವನ್ನು ಫೋನಿನಲ್ಲಿ ಹುಡುಕಿ ನೋಡಿದೆ. ಅಂದಿನಿಂದ ಯಾರ ಮೇಲೆ ರೇಗಬೇಕೋ ತಿಳಿಯುತ್ತಿಲ್ಲ.

ವಡಪಳನಿಯ ಮನೆಯ ಕೆಳಗಿನ ಪೋರ್ಶನ್ನಿನಲ್ಲಿ ಅಪ್ಪ, ಅಮ್ಮ, ನಾನು, ಅಪ್ಪನ ತಂಗಿ. ಅತ್ತೆ ಅನ್ನುವುದು ಹೆಸರಿಗೆ ಮಾತ್ರ, ನನಗಿಂತ ಎಂಟೇ ವರ್ಷ ದೊಡ್ಡವಳು. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಮಾಳಿಗೆಯ ಮೇಲಿನ ಒಂಟಿ ರೂಮಿನಲ್ಲಿ ಬೋರ್ಡ್ ಮಾಮ. ತಿಪಟೂರಿನ ಕಡೆಯವರು. ಅಲ್ಲಿನ ಸ್ಟುಡಿಯೋದಲ್ಲಿ ತೆಗೆಯುತ್ತಿದ್ದ ಕನ್ನಡ ಸಿನಿಮಾಗಳ ಸೆಟ್ಟುಗಳಿಗೆ ಅಂಗಡಿ ಬೋರ್ಡು, ಮೈಲಿಗಲ್ಲು, ಬಸ್ಸಿನ ಹೆಸರು ಎಲ್ಲ ಕನ್ನಡದಲ್ಲಿ ಬರೆದುಕೊಡುತ್ತಿದ್ದರು.

ಭಾನುವಾರ ಅತ್ತೆ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಮಾಮ ಅಲ್ಲೇ ಬೋರ್ಡು ಬರೆಯುತ್ತಿದ್ದರು. ಒಂದೆರಡು ಹನಿ ಹಸಿರು ಬಣ್ಣ ಸಂಡಿಗೆಯ ಮೇಲೆ ಬೀಳದ ವಾರವೇ ಇರಲಿಲ್ಲ.

“ಏನ್ರೀ ಇದು, ಸಂಡಿಗೆಗೂ ಪೇಂಟ್ ಮಾಡ್ತೀರಾ?”

“ಸಾರಿ ರೀ, ಗಾಳಿ…”

“ಗಾಳಿ ಕೈಲಿ ಬ್ರಶ್ ಇದೆಯಾ?”

ಬೈದು ಕೆಳಗಿಳಿದವಳು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ಮಾಳಿಗೆ ತುಂಬ ಜಾಗವಿದ್ದರೂ ಆ ರೂಮಿನ ಮುಂದೆಯೇ ಯಾಕೆ ಸಂಡಿಗೆ ಇಡುತ್ತೀಯ ಎಂದು ಅಮ್ಮ ಕೇಳಿದರೆ, ಅಲ್ಲೇ ಬಿಸಿಲು ಜಾಸ್ತಿ ಅನ್ನುತ್ತಿದ್ದಳು. ನನಗಾಗ ಹದಿನೆಂಟು. ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ಇವತ್ತು ಹೊಟ್ಟೆ ಉರಿಯುವುದು.

ಆ ವರ್ಷ ಒಂದು ಸಿನಿಮಾದ ಸೆಟ್ಟಿಗೆ ಮಾಮ ಒಂದು ಸಣ್ಣ ಊರನ್ನೇ ಬರೆದರು. ಸೈಕಲ್ ಶಾಪಿನ ಹುಡುಗ, ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ, ಅಷ್ಟೇ ಕಥೆ. ವಿಲನ್ ಇಲ್ಲ, ಫೈಟ್ ಇಲ್ಲ. ಅವರಿಬ್ಬರ ಮನಸ್ಸು ಪೋಸ್ಟ್‌ಮ್ಯಾನಿಗೆ ಗೊತ್ತು, ಕ್ಷೌರದಂಗಡಿಯವನಿಗೆ ಗೊತ್ತು, ಊರಿಗೆಲ್ಲ ಗೊತ್ತು; ಅವರಿಬ್ಬರೇ ಬಾಯಿ ಬಿಡುವುದಿಲ್ಲ. ಹುಡುಗ ಬಸ್‌ಸ್ಟಾಪಿಗೆ ಬಂದು ನಿಂತರೆ, ಪಾಪ ಹೇಳಿಬಿಡಲಿ ಎಂದು ಕಂಡಕ್ಟರ್ ಬೇಕೆಂದೇ ಚಿಲ್ಲರೆ ಹುಡುಕುತ್ತಾನೆ. ಹುಡುಗ ಹವಾಮಾನದ ಬಗ್ಗೆ ಮಾತಾಡಿ ವಾಪಸ್ ಹೋಗುತ್ತಾನೆ. ಇವತ್ತಿಗೂ ಫೋನಿನಲ್ಲಿ ಆ ಸಿನಿಮಾದ ಕೆಳಗೆ ಜನ, ಇದು ಯಾವ ಊರು, ನಾವೂ ಹೋಗಿ ಇರಬೇಕು ಎಂದು ಬರೆಯುತ್ತಾರೆ. ವಡಪಳನಿ ಕಣ್ರಯ್ಯಾ! ತಗಡು, ಪ್ಲೈವುಡ್ಡು, ಮಾಮನ ಅಕ್ಷರ.

ಸ್ಟುಡಿಯೋದವರಿಗೆ ಸಿನಿಮಾ ತೋರಿಸುವ ಹಿಂದಿನ ದಿನ ಮಾಮ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು: “ನಿಮ್ಮತ್ತೆಗೆ ಕನ್ನಡ ಓದಕ್ಕೆ ಬರುತ್ತಾಮ್ಮ?”

ಬರುತ್ತಿರಲಿಲ್ಲ. ಅವಳಿಗೂ ಇಲ್ಲ, ನನಗೂ ಇಲ್ಲ. ಇಬ್ಬರೂ ತಮಿಳು ಸ್ಕೂಲಿನಲ್ಲಿ ಓದಿದವರು. ಕನ್ನಡ ನಮಗೆ ಬಾಯಲ್ಲಿದ್ದ ಭಾಷೆ. ಆದರೆ ಊರಿನಿಂದ ಬಂದ ಮನುಷ್ಯ, ಅಕ್ಷರವೇ ಕಸುಬಾದವರು, ಅವರ ಮುಂದೆ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು.

“ಬರದೆ ಏನು ಮಾಮ? ನಾವು ಕನ್ನಡದೋರಲ್ವಾ!” ಎಂದೆ.

ಅವರ ಮುಖ ಅರಳಿತು. ಬಸ್‌ಸ್ಟಾಪ್ ಸೀನಿನಲ್ಲಿ ಹಿಂದಿನ ಬೋರ್ಡನ್ನು ತಪ್ಪದೆ ನೋಡಲು ಅತ್ತೆಗೆ ಹೇಳು ಎಂದರು. ಹೇಳಿದೆ.

ಮರುದಿನ ಅತ್ತೆ, ನಾನು ಹೋದೆವು. ಹುಡುಗ ಬಸ್‌ಸ್ಟಾಪಿನಲ್ಲಿ ತಡವರಿಸಿದಾಗೆಲ್ಲ ಹಿಂದಿನ ಸಾಲಿನ ಲೈಟ್‌ಮ್ಯಾನುಗಳು “ಸೊಲ್ಲುಡಾ, ಸೊಲ್ಲುಡಾ” ಎಂದು ಕೂಗಿದರು. ಹೇಳೋ, ಹೇಳಿಬಿಡೋ ಎಂದು ನಾವೂ ಕೂಗಿದೆವು. ಮಾಮ ಪಕ್ಕದ ಸಾಲಿನಲ್ಲಿ ಕೂತು ಪರದೆಯನ್ನು ಬಿಟ್ಟು ಅತ್ತೆಯನ್ನೇ ನೋಡುತ್ತಿದ್ದರು. ಹೊರಗೆ ಬಂದಾಗ, “ಬೋರ್ಡ್ ನೋಡಿದ್ರಾ?” ಎಂದು ಕೇಳಿದರು.

“ಓ, ನೋಡಿದೆ. ಅಕ್ಷರ ತುಂಬ ಅಳಗಾಗಿದೆ,” ಎಂದಳು ಅತ್ತೆ, ಚೆಂದ ಅನ್ನುವುದಕ್ಕೆ ತಮಿಳು ಮಾತು ಬೆರೆಸಿ. ಓದಲು ಬರುವುದಿಲ್ಲ ಎಂದು ಹೇಳಿಕೊಳ್ಳಲು ಅವಳಿಗೂ ನಾಚಿಕೆ.

ಅದಾದ ಮೇಲೆ ಮಾಮ ಎರಡು ವಾರ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ, “ಸಂಡಿಗೆ ಆಯ್ತಾ ರೀ?” ಎಂದು ಕೇಳುತ್ತಿದ್ದರು. ರೇಗಿಸುತ್ತಿದ್ದಾರೆ ಎಂದುಕೊಂಡ ಅತ್ತೆ ಒಂದು ದಿನ ಅವರದೇ ಧಾಟಿಯಲ್ಲಿ ತಿರುಗಿಸಿ ಕೊಟ್ಟಳು: “ನಿಮಗೆ ಈ ಜನ್ಮದಲ್ಲಿ ಒಂದು ಸಂಡಿಗೆನೂ ಕೊಡಲ್ಲ, ಹೋಗ್ರೀ, ಪೋಂಗೋ!”

ತಿಂಗಳ ಕೊನೆಗೆ ಮಾಮ ರೂಮು ಖಾಲಿ ಮಾಡಿಕೊಂಡು ಊರಿಗೆ ಹೋದರು. ಅತ್ತೆ ಆಫೀಸಿನಲ್ಲಿದ್ದ ಹೊತ್ತು ನೋಡಿ ಹೋದರು. “ಒಂದು ಮಾತು ಹೇಳದೆ ಹೋದ ಮನುಷ್ಯ,” ಎಂದು ಅವಳು ಎಷ್ಟೋ ದಿನ ಗೊಣಗಿದಳು. ಆಮೇಲೆ ಬಂದ ಜಾತಕಗಳಿಗೆಲ್ಲ ಒಂದಲ್ಲ ಒಂದು ಹುಳುಕು ಹುಡುಕಿದಳು. ಅಪ್ಪನಿಗೂ ಸಾಕಾಗಿ ಕೈಬಿಟ್ಟರು…

ನಾನು ಕನ್ನಡ ಓದಲು ಕಲಿತದ್ದು ನಲವತ್ತು ದಾಟಿದ ಮೇಲೆ, ಬ್ಯಾಂಕಿನವರು ಮೈಸೂರಿಗೆ ವರ್ಗ ಮಾಡಿದಾಗ. ಹಾಗಾಗಿ ಮೊನ್ನೆ ಆ ಸೀನು ಬಂದಾಗ ನಿಲ್ಲಿಸಿ, ದೊಡ್ಡದು ಮಾಡಿ ಓದಿದೆ. ದಪ್ಪಕ್ಷರದಲ್ಲಿ ‘ಮಾಳಿಗೆ ಸಂಡಿಗೆ ಅಂಗಡಿ’. ಕೆಳಗೆ ಸಣ್ಣಕ್ಷರದಲ್ಲಿ: ‘ಬಣ್ಣ ಚೆಲ್ಲಿದ್ದಕ್ಕೆ ಕ್ಷಮೆ ಇರಲಿ. ಮದುವೆಗೆ ಒಪ್ಪಿಗೆ ಇದ್ದರೆ ಒಂದು ಹಿಡಿ ಸಂಡಿಗೆ ರೂಮಿಗೆ ಕಳಿಸಿ.’

ಎಲಾ ಮನುಷ್ಯನೇ! ಹದಿನಾಲ್ಕು ಮೆಟ್ಟಿಲು ಇಳಿದು ಬಂದು ಬಾಯಿ ಬಿಡಲು ಏನಾಗಿತ್ತು ನಿಮಗೆ? ಇಡೀ ಥಿಯೇಟರು ಹೇಳೋ ಹೇಳೋ ಎಂದು ಬಡಕೊಳ್ಳುತ್ತಿದ್ದಾಗ ಕಲ್ಲಿನ ಹಾಗೆ ಕೂತಿದ್ದಿರಲ್ಲ! ಸಿನಿಮಾದ ಹುಡುಗನಾದರೂ ಕೊನೆಯ ರೀಲಿನಲ್ಲಿ ಹೇಳಿದ. ರೇಗಿಕೊಂಡೇ ವಡಪಳನಿಯ ಹಳೆಯ ಮನೆ ಓನರಿನ ಮಗನಿಗೆ ಫೋನು ಮಾಡಿದೆ. ಮಾಮ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ.

ಅತ್ತೆ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಎರಡು ದಿನ ಮುಚ್ಚಿಟ್ಟೆ. ಇವತ್ತು ಬೆಳಿಗ್ಗೆ ಅವಳ ಮುಂದೆ ಫೋನು ಹಿಡಿದು ಬೋರ್ಡನ್ನು ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ. ಅವರು ಇಲ್ಲ ಎನ್ನುವುದನ್ನೂ ಹೇಳಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ತುಂಬ ಹೊತ್ತು ಒರೆಸಿದಳು.

“ನಂಗೆ ಓದಕ್ಕೆ ಬರುತ್ತೆ ಅಂತ ಅವ್ರಿಗೆ ಯಾರು ಡೀ ಹೇಳಿದ್ದು?”

“ನಾನೇ ಅತ್ತೆ,” ಎಂದೆ.

ಅವಳು ಕನ್ನಡಕ ಹಾಕಿಕೊಂಡು ಬೋರ್ಡನ್ನೇ ಮತ್ತೆ ನೋಡಿದಳು.

“ಬರಲ್ಲ ಅಂದಿದ್ರೆ ಬಾಯಲ್ಲೇ ಕೇಳ್ತಿದ್ರೇನೋ,” ಎಂದಳು.

ಅವರು ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.